ಗಂಟೆ ಹೊಡೆದ ಮೇಲೆ ಆರಂಭವಾದ ಪಾಠ



ಈ ಸಂಚಿಕೆಗೆ ಒಬ್ಬ ಮಹನೀಯರ ಪರಿಚಯ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿ ಒಂದು ತಿಂಗಳಾಯಿತು. ಯಾರ ಬಗ್ಗೆ ಬರೆಯಲಿ ಎಂದು ಯೋಚಿಸುತ್ತಲೇ ದಿನ ಕಳೆದೆ. ಕೊನೆಗೆ ಆ ಹೆಸರನ್ನು ನನಗೆ ಹುಡುಕಿಕೊಟ್ಟಿದ್ದು ನಮ್ಮ ಕನ್ನಡ ಸಂಘದ ಒಂದು ಸಭೆ.

ನಿಮ್ಮಲ್ಲಿ ಹಲವರಿಗೆ ನಮ್ಮ ಕಾಲೇಜಿನಲ್ಲಿ ಕನ್ನಡ ಸಂಘ ಇದೆ ಎಂಬುದೇ ಗೊತ್ತಿರಲಾರದು. ಗುರುವಾರ ಕೊನೆಯ ಪಿರಿಯಡ್ ಮುಗಿದ ಮೇಲೆ ಮೊದಲ ಮಹಡಿಯ ಕೊಠಡಿಯಲ್ಲಿ ಸೇರುತ್ತೇವೆ. ಅಂದು ಬಂದವರು ಮೂವರು. ಅವರಲ್ಲಿ ಒಬ್ಬ ಹುಡುಗ ಸಭೆಗೆಂದು ಬಂದವನಲ್ಲ, ಹೊರಗೆ ಮಳೆ ಬರುತ್ತಿದೆಯೆಂದು ಒಳಗೆ ಬಂದು ಕುಳಿತವನು. ಅವನನ್ನು ನಾನು ತಪ್ಪು ಹೇಳುವುದಿಲ್ಲ. ಸಂಜೆ ಸಿಇಟಿ ಮತ್ತು ನೀಟ್ ಕೋಚಿಂಗ್, ಮನೆಯಲ್ಲಿ ಅಂಗಡಿಯ ಕೆಲಸ, ತಂಗಿಯನ್ನು ಶಾಲೆಯಿಂದ ಕರೆತರುವ ಹೊಣೆ, ಎಲ್ಲವೂ ನಿಮ್ಮ ಮೇಲಿವೆ. ಆದರೂ ಅಂದು ಮನಸ್ಸಿಗೆ ಬೇಸರವಾಯಿತು. ಈ ವರ್ಷದಿಂದ ಸಂಘವನ್ನು ನಿಲ್ಲಿಸಿಬಿಡೋಣ, ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡಿದರೆ ಸಾಕು ಎಂದು ಪ್ರಾಂಶುಪಾಲರಿಗೆ ಒಂದು ಪತ್ರವನ್ನೂ ಬರೆದಿಟ್ಟೆ.

ಪತ್ರ ಕೊಡುವ ಮೊದಲು ಒಂದು ಶನಿವಾರ ಕೆಲಸದ ಮೇಲೆ ಮೆಜೆಸ್ಟಿಕ್ ಕಡೆಗೆ ಹೋಗಬೇಕಾಯಿತು. ವಿಜಯನಗರದಲ್ಲಿ ಮೆಟ್ರೊ ಹತ್ತಿದವನು ಮೆಜೆಸ್ಟಿಕ್‌ನಲ್ಲಿ ಇಳಿಯದೆ ಮುಂದಿನ ಸೆಂಟ್ರಲ್ ಕಾಲೇಜು ನಿಲ್ದಾಣಕ್ಕೆ ಹೋದೆ. ನಮ್ಮ ಆರ್‌ಪಿಸಿ ಲೇಔಟ್‌ನಿಂದ ನಡೆದು ಹೋಗಿ ಮೆಟ್ರೊ ಹಿಡಿದರೆ ಐದೇ ನಿಲ್ದಾಣದ ದಾರಿ. ಅಲ್ಲಿನ ಕಲ್ಲಿನ ಹಳೆಯ ಕಟ್ಟಡವನ್ನೂ ಗಡಿಯಾರದ ಗೋಪುರವನ್ನೂ ನೀವು ನೋಡಿರಬಹುದು. ಕ್ರಿಕೆಟ್ ಆಡುವವರಿಗಂತೂ ಅಲ್ಲಿನ ಮೈದಾನ ಗೊತ್ತೇ ಇರುತ್ತದೆ. ಆ ಕಟ್ಟಡದ ಎದುರು ನಿಂತಾಗ ನೂರು ವರ್ಷಗಳ ಹಿಂದೆ ಅದೇ ಕಾಲೇಜಿನಲ್ಲಿ ನನ್ನ ಕೆಲಸವನ್ನೇ ಮಾಡುತ್ತಿದ್ದ ಒಬ್ಬ ಕನ್ನಡ ಮೇಷ್ಟರ ನೆನಪಾಯಿತು. ಅವರೇ ಎ.ಆರ್. ಕೃಷ್ಣಶಾಸ್ತ್ರಿಗಳು.

ಅವರ ಹೆಸರಿನ ಮೊದಲಿನ ಎ ಎಂದರೆ ಅಂಬಳೆ, ಆರ್ ಎಂದರೆ ತಂದೆ ರಾಮಕೃಷ್ಣಶಾಸ್ತ್ರಿಗಳ ಹೆಸರು. ಹುಟ್ಟಿದ್ದು 1890ರಲ್ಲಿ. ತಂದೆ ಸಂಸ್ಕೃತ ವ್ಯಾಕರಣದಲ್ಲಿ ದೊಡ್ಡ ವಿದ್ವಾಂಸರು. ಮನೆಯಲ್ಲಿ ಸಂಸ್ಕೃತದ ಓದು, ಕಾಲೇಜಿನಲ್ಲಿ ಇಂಗ್ಲಿಷಿನ ಓದು, ಬೀದಿಯಲ್ಲೂ ಅಡುಗೆಮನೆಯಲ್ಲೂ ಕನ್ನಡ. ಮನೆಯಲ್ಲಿ ಉರ್ದು ಮಾತಾಡಿ, ಚಿಕ್ಕಂದಿನಲ್ಲಿ ಅರಬಿ ಅಕ್ಷರ ಕಲಿತು, ಇಲ್ಲಿ ಇಂಗ್ಲಿಷಿನಲ್ಲಿ ಫಿಸಿಕ್ಸ್ ಓದಿ, ಕನ್ನಡದಲ್ಲಿ ಪರೀಕ್ಷೆ ಬರೆಯುವ ನಿಮಗೆ ಇದೇನೂ ಹೊಸ ಸ್ಥಿತಿಯಲ್ಲ. ಹೀಗೆ ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದವರಿಗೆ ಯಾವ ಭಾಷೆಯಲ್ಲಿ ತಮ್ಮ ದುಡಿಮೆ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಶಾಸ್ತ್ರಿಗಳಿಗೂ ಎದುರಾಯಿತು. ಅವರಿಗೆ ಸಂಸ್ಕೃತ ಪಾಂಡಿತ್ಯ ಮನೆಯ ಆಸ್ತಿಯಂತೆ ಬಂದಿತ್ತು. ಇಂಗ್ಲಿಷಿನಲ್ಲೂ ಹಿಡಿತವಿತ್ತು. ಎರಡರಲ್ಲಿ ಯಾವುದನ್ನು ಹಿಡಿದರೂ ಗೌರವದ ಬದುಕು ಸಿಗುತ್ತಿತ್ತು. ಅವರು ಕನ್ನಡವನ್ನು ಹಿಡಿದರು.

ಅದು ಎಷ್ಟು ಕಷ್ಟದ ಆಯ್ಕೆ ಎಂದು ತಿಳಿಯಬೇಕಾದರೆ ಆ ಕಾಲದ ಕಾಲೇಜನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮುಂಚೆ ನಮ್ಮ ಸಂಸ್ಥಾನದ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಶಾಸ್ತ್ರಿಗಳು ಎಂ.ಎ. ಪದವಿ ಪಡೆದದ್ದೂ ಮದರಾಸಿನಿಂದಲೇ. ಎಲ್ಲ ವಿಷಯಗಳ ಪಾಠವೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕನ್ನಡ ಕಲಿಸುವವರನ್ನು ಪಂಡಿತರು ಎಂದು ಕರೆಯುತ್ತಿದ್ದರು. ಅವರಿಗೆ ಇಂಗ್ಲಿಷ್ ಅಧ್ಯಾಪಕರಷ್ಟು ಸಂಬಳವೂ ಇರಲಿಲ್ಲ, ಸ್ಥಾನಮಾನವೂ ಇರಲಿಲ್ಲ. ಓದಿದವರು ಒಬ್ಬರಿಗೊಬ್ಬರು ಪತ್ರ ಬರೆಯುವುದೂ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಹಳೆಯ ಕಾವ್ಯಗಳಿದ್ದವು, ನಿಜ. ಆದರೆ ಕಾಲೇಜು ಓದಿದ ಯುವಕನೊಬ್ಬ ತನ್ನ ಇಂದಿನ ವಿಚಾರವನ್ನು ಕನ್ನಡದಲ್ಲಿ ಬರೆದು ಅಚ್ಚು ಮಾಡಿಸಬೇಕೆಂದರೆ ಅದಕ್ಕೆ ಜಾಗಗಳು ಬಹಳ ಕಡಿಮೆಯಿದ್ದವು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಅಲ್ಲಿ ಸೇರುತ್ತಿದ್ದವರು ಹಿರಿಯರು. ಹದಿನೆಂಟು ಇಪ್ಪತ್ತು ವರ್ಷದ ವಿದ್ಯಾರ್ಥಿಗಳು ಸೇರಲು ಅವರದೇ ಒಂದು ಜಾಗ ಬೇಕಾಗಿತ್ತು.

ಇನ್ನೊಂದು ಸಂಗತಿ ನಮ್ಮ ಕಾಲೇಜಿಗೆ ಬಹಳ ಹತ್ತಿರದ್ದು. ವಿಶ್ವವಿದ್ಯಾನಿಲಯ ಬಂದಾಗ ಕಲಾ ವಿಷಯಗಳನ್ನು ಮೈಸೂರಿನ ಮಹಾರಾಜಾ ಕಾಲೇಜಿಗೂ ವಿಜ್ಞಾನ ವಿಷಯಗಳನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಹಂಚಿದರು. ಹಾಗಾಗಿ ಸೆಂಟ್ರಲ್ ಕಾಲೇಜು ಮುಖ್ಯವಾಗಿ ವಿಜ್ಞಾನದ ಕಾಲೇಜಾಯಿತು. ಕೃಷ್ಣಶಾಸ್ತ್ರಿಗಳು ಕನ್ನಡ ಕಲಿಸಲು ಬಂದದ್ದು ಇಂಥ ಜಾಗಕ್ಕೆ. ಪ್ರಯೋಗಾಲಯದ ವಾಸನೆ ಬಟ್ಟೆಗೆ ಹತ್ತಿದ ಹುಡುಗರು, ಮುಂದೆ ಎಂಜಿನಿಯರೋ ಅಧಿಕಾರಿಯೋ ಆಗಬೇಕೆಂದವರು. ಅವರಿಗೆ ಕನ್ನಡ ಒಂದು ಪರೀಕ್ಷೆಯ ವಿಷಯ ಮಾತ್ರ. ಇದನ್ನು ಓದುತ್ತಿದ್ದಾಗ ಪಿಸಿಎಂಬಿ ತರಗತಿಯ ನಿಮ್ಮ ಮುಖಗಳೇ ನನ್ನ ಕಣ್ಣಿಗೆ ಬಂದವು.

ಅಂಥ ಕಡೆ ಒಬ್ಬ ಕನ್ನಡ ಅಧ್ಯಾಪಕ ಏನು ಮಾಡಬಹುದು? ತರಗತಿಯಲ್ಲಿ ಪದ್ಯದ ಅರ್ಥ ಹೇಳಿ, ಹಾಜರಿ ಹಾಕಿ, ಮನೆಗೆ ಹೋಗಬಹುದು. ತನ್ನ ವಿಷಯಕ್ಕೆ ಬೆಲೆಯಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕುಳಿತು ಗೊಣಗಬಹುದು. ಎರಡನೆಯದನ್ನು ನಾನೂ ಬೇಕಾದಷ್ಟು ಮಾಡಿದ್ದೇನೆ. ಶಾಸ್ತ್ರಿಗಳು ಗಂಟೆ ಹೊಡೆದ ಮೇಲೂ ಉಳಿದರು. ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಒಟ್ಟಿಗೆ ಸೇರಿಸಿ ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. ಕರ್ನಾಟಕದ ಕಾಲೇಜುಗಳಲ್ಲಿ ಇಂದು ಕಾಣುವ ನೂರಾರು ಕನ್ನಡ ಸಂಘಗಳಿಗೆ ಅದು ಹಿರಿಯಣ್ಣನಿದ್ದಂತೆ.

ಸಂಘ ಎಂದರೆ ನಮಗೆ ಈಗ ನೆನಪಾಗುವುದು ಉದ್ಘಾಟನೆ, ಹಾರ, ಭಾಷಣ, ವಂದನಾರ್ಪಣೆ. ಶಾಸ್ತ್ರಿಗಳ ಸಂಘಕ್ಕೆ ಒಂದು ಕೆಲಸವಿತ್ತು. 1919ರಲ್ಲಿ ಅದು ಪ್ರಬುದ್ಧ ಕರ್ನಾಟಕ ಎಂಬ ತ್ರೈಮಾಸಿಕ ಪತ್ರಿಕೆಯನ್ನು ಹೊರತಂದಿತು. ಸಂಪಾದಕರು ಕೃಷ್ಣಶಾಸ್ತ್ರಿಗಳೇ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೂರು ತಿಂಗಳಿಗೊಮ್ಮೆ ಪತ್ರಿಕೆ ತರುವುದೆಂದರೆ ಏನು ಎಂದು ಈ ಸುದ್ದಿಪತ್ರದ ಸಂಪಾದಕ ಮಂಡಳಿಯಲ್ಲಿರುವವರಿಗೆ ಗೊತ್ತು. ಲೇಖನ ಕೇಳಬೇಕು, ನೆನಪಿಸಬೇಕು, ಮತ್ತೆ ನೆನಪಿಸಬೇಕು. ಬಂದದ್ದನ್ನು ತಿದ್ದಬೇಕು. ಬರೆದವರ ಮನಸ್ಸಿಗೆ ನೋವಾಗದಂತೆ ತಿದ್ದಬೇಕು. ಕರಡು ನೋಡಬೇಕು. ಹಣ ಹೊಂದಿಸಬೇಕು. ಶಾಸ್ತ್ರಿಗಳ ಕಾಲದಲ್ಲಿ ಒಂದೊಂದು ಅಚ್ಚಿನ ಮೊಳೆಯನ್ನೂ ಕೈಯಲ್ಲಿ ಜೋಡಿಸುತ್ತಿದ್ದರು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಈ ಪತ್ರಿಕೆಯಿಂದ ಆದ ದೊಡ್ಡ ಉಪಕಾರವೆಂದರೆ ಕಾಲೇಜು ಓದಿದವರಿಗೆ ಕನ್ನಡದಲ್ಲಿ ಬರೆಯುವ ಧೈರ್ಯ ಬಂದದ್ದು. ಕವಿತೆ, ಕಥೆ, ವಿಮರ್ಶೆ, ಸಂಶೋಧನೆ, ಹೀಗೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಹೊಸಗನ್ನಡ ಸಾಹಿತ್ಯದ ಚರಿತ್ರೆ ಬರೆಯುವವರು ಯಾರೂ ಪ್ರಬುದ್ಧ ಕರ್ನಾಟಕವನ್ನು ಬಿಟ್ಟು ಬರೆಯಲಾರರು. ನೀವು ಪಠ್ಯಪುಸ್ತಕದಲ್ಲಿ ಕವಿ ಪರಿಚಯ ಎಂದು ಬಾಯಿಪಾಠ ಮಾಡುವ ಹೆಸರುಗಳೆಲ್ಲ ಒಂದು ಕಾಲಕ್ಕೆ ನಿಮ್ಮಂತೆಯೇ ಕೈಬರಹದ ಹಾಳೆ ಹಿಡಿದು, ಯಾರಿಗೆ ತೋರಿಸಲಿ ಎಂದು ಅಳುಕುತ್ತಿದ್ದ ಯುವಕರದ್ದೇ. ಅವರಿಗೆ ಓದಿ ನೋಡುವವರೊಬ್ಬರು ಬೇಕಾಗಿತ್ತು. ಅದು ಸಿಕ್ಕಿದ್ದು ಕಾಲೇಜಿನ ಅಂಗಳದಲ್ಲಿ.

ಶಾಸ್ತ್ರಿಗಳು ಒಬ್ಬಂಟಿಯಾಗಿ ಇದನ್ನೆಲ್ಲ ಮಾಡಿದರು ಎಂದು ನಾನು ಹೇಳಿದರೆ ಅದು ತಪ್ಪಾಗುತ್ತದೆ. ಅವರ ಜೀವನದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅವರ ಸುತ್ತ ಇದ್ದ ಜನ. ಅದೇ ಸೆಂಟ್ರಲ್ ಕಾಲೇಜಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರಿದ್ದರು. ಅವರು ಭೌತಶಾಸ್ತ್ರದ ಪ್ರಾಧ್ಯಾಪಕರು. 1918ರಲ್ಲಿ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದವರಲ್ಲಿ ಅವರೂ ಒಬ್ಬರು. ಪಂಪ ಭಾರತವನ್ನು ಸಂಪಾದಿಸಿಕೊಟ್ಟವರಲ್ಲೂ ಅವರ ಹೆಸರು ದೊಡ್ಡದು. ಫಿಸಿಕ್ಸ್ ಕಲಿಸುವವರು ಸಾವಿರ ವರ್ಷದ ಹಿಂದಿನ ಹಳಗನ್ನಡ ಕಾವ್ಯವನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸುತ್ತಿದ್ದರು ಎಂದರೆ ನಮ್ಮ ಫಿಸಿಕ್ಸ್ ವಿಭಾಗದ ಮಿತ್ರರು ನಗಬಹುದು. ಆದರೆ ಅಂದಿನ ಕಾಲೇಜಿನಲ್ಲಿ ಇದು ನಡೆಯುತ್ತಿತ್ತು. ಅವರ ಮಾಸಪತ್ರಿಕೆ ಎರಡು ವರ್ಷದ ಸುಮಾರಿಗೆ ನಿಂತುಹೋಯಿತು. ಶಾಸ್ತ್ರಿಗಳ ತ್ರೈಮಾಸಿಕ ಉಳಿಯಿತು. ಅದರ ಹಿಂದೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದು ಸೇರುವ ಒಂದು ಕಾಲೇಜು ಇದ್ದದ್ದು ಅದಕ್ಕೆ ಒಂದು ಕಾರಣ ಎಂದು ನನಗೆ ತೋರುತ್ತದೆ.

ಮೈಸೂರಿನ ಕಡೆ ಇಬ್ಬರಿದ್ದರು. ಒಬ್ಬರು ಬಿ.ಎಂ. ಶ್ರೀಕಂಠಯ್ಯನವರು, ನಮ್ಮೆಲ್ಲರಿಗೂ ಬಿ.ಎಂ.ಶ್ರೀ. ಅವರು ಕಲಿಸುತ್ತಿದ್ದದ್ದು ಇಂಗ್ಲಿಷ್. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕವಿತೆಗೆ ದಾರಿ ತೋರಿದವರು. ಅವರ ಇಂಗ್ಲಿಷ್ ಗೀತಗಳು ಪುಸ್ತಕವನ್ನು ನೀವು ಕೇಳಿರುತ್ತೀರಿ. ಇನ್ನೊಬ್ಬರು ತಳುಕಿನ ವೆಂಕಣ್ಣಯ್ಯನವರು, ಟಿ.ಎಸ್. ವೆಂಕಣ್ಣಯ್ಯ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು ಅವರೇ. ವೆಂಕಣ್ಣಯ್ಯನವರಿಗೂ ಕೃಷ್ಣಶಾಸ್ತ್ರಿಗಳಿಗೂ ಎಂಥ ಸ್ನೇಹವೆಂದರೆ ಜನ ಅವರನ್ನು ಕನ್ನಡದ ಅಶ್ವಿನೀ ದೇವತೆಗಳು ಎಂದು ಜೋಡಿಯಾಗಿ ಕರೆಯುತ್ತಿದ್ದರು. ಅಶ್ವಿನೀ ದೇವತೆಗಳೆಂದರೆ ಪುರಾಣದಲ್ಲಿ ಬರುವ ಅವಳಿ ವೈದ್ಯರು. ಈ ಇಬ್ಬರೂ ಸೇರಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ವಿದ್ಯಾರ್ಥಿಗಳು ಓದಲು ಆಗುವಷ್ಟು ಸಂಗ್ರಹಿಸಿ ಪುಸ್ತಕ ಮಾಡಿದರು. ಒಬ್ಬರು ಸಂಸ್ಕೃತದ ಮನೆಯಿಂದ ಬಂದವರು, ಒಬ್ಬರು ಇಂಗ್ಲಿಷಿನ ಪೀಠದಲ್ಲಿದ್ದವರು, ಇನ್ನೊಬ್ಬರು ಬಯಲುಸೀಮೆಯ ಹಳ್ಳಿಯಿಂದ ಬಂದವರು. ಅವರೆಲ್ಲ ಒಂದೇ ನೊಗಕ್ಕೆ ಹೆಗಲು ಕೊಟ್ಟರು.

ಈ ಹೆಗಲಿನ ಫಲ 1927ರಲ್ಲಿ ಕಾಣಿಸಿತು. ಆ ವರ್ಷ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಬಿ.ಎಂ.ಶ್ರೀ ಆಗ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್. ಮೊದಲ ತಂಡದಲ್ಲಿ ಸೇರಿದವರಲ್ಲಿ ಕುವೆಂಪು ಒಬ್ಬರು. ಬೇರೆ ವಿಷಯ ಓದಬೇಕೆಂದಿದ್ದ ಕುವೆಂಪು ಕನ್ನಡಕ್ಕೆ ಬಂದದ್ದು ವೆಂಕಣ್ಣಯ್ಯನವರ ಒತ್ತಾಯದಿಂದ. ಕನ್ನಡ ಎಂ.ಎ. ಮಾಡಿದರೆ ಕೆಲಸ ಎಲ್ಲಿ ಸಿಗುತ್ತದೆ ಎಂಬ ಭಯ ಆಗಲೂ ಇತ್ತು. ನಾನು ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ.ಗೆ ಸೇರುತ್ತೇನೆ ಎಂದಾಗ ನಮ್ಮ ಅಬ್ಬಾ ಕೇಳಿದ್ದೂ ಅದೇ ಪ್ರಶ್ನೆ. ಕುವೆಂಪು ಮುಂದೆ ಶ್ರೀ ರಾಮಾಯಣ ದರ್ಶನಂ ಬರೆದು ಅದನ್ನು ಅಷ್ಟರಲ್ಲಿ ತೀರಿಕೊಂಡಿದ್ದ ಗುರು ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಗುರುಶಿಷ್ಯರ ನಂಟು ಪರೀಕ್ಷೆಯ ಫಲಿತಾಂಶಕ್ಕೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜ್ಞಾನಭಾರತಿಯ ಹೆಸರು ಬಂದದ್ದರಿಂದ ನನ್ನದೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾನು ಅಲ್ಲಿ ಓದುವಾಗ ಐದಾರು ಜನ ವಿದ್ಯಾರ್ಥಿಗಳು ಮರದ ಕೆಳಗೆ ಕುಳಿತು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಿದ್ದೆವು. ಒಬ್ಬ ಮೇಷ್ಟರು ವಾರಕ್ಕೊಮ್ಮೆ ಬಂದು ನಮ್ಮ ಜೊತೆ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಪಾಠ ಹೇಗೆ ಮಾಡಬೇಕು, ಕೊನೆಯ ಬೆಂಚಿನವನಿಗೆ ಪದ್ಯ ಹೇಗೆ ತಲುಪಿಸಬೇಕು ಎಂಬುದನ್ನು ನಾನು ಕಲಿತದ್ದು ಆ ಕಲ್ಲಿನ ಮೇಲೆಯೇ. ದಖ್ಖನಿ ಮಾತಾಡುವ ಮನೆಯಿಂದ ಬಂದ ನನ್ನ ಉಚ್ಚಾರಣೆಯನ್ನು ಅಲ್ಲಿ ಯಾರೂ ಹಾಸ್ಯ ಮಾಡಲಿಲ್ಲ, ತಿದ್ದಿದರು. ತಿದ್ದುವುದಕ್ಕೂ ಹಾಸ್ಯ ಮಾಡುವುದಕ್ಕೂ ಇರುವ ವ್ಯತ್ಯಾಸ ಒಬ್ಬ ವಿದ್ಯಾರ್ಥಿಯ ಇಡೀ ಬದುಕನ್ನು ಬದಲಿಸಬಲ್ಲದು.

ಕೃಷ್ಣಶಾಸ್ತ್ರಿಗಳೂ ತಿದ್ದುವವರು. ಶಿಸ್ತಿಗೆ ಹೆಸರಾದವರು. ಮಾತು ಚೊಕ್ಕವಾಗಿರಬೇಕು, ಬರಹದಲ್ಲಿ ಸಡಿಲು ಇರಬಾರದು ಎಂಬ ಪಟ್ಟು ಅವರದು. ಅವರ ಗದ್ಯ ಓದಿದರೆ ಅದು ಗೊತ್ತಾಗುತ್ತದೆ. ಆದರೆ ಪಾಂಡಿತ್ಯವನ್ನು ಹೊರೆಯಾಗಿ ಓದುಗನ ತಲೆಯ ಮೇಲೆ ಇಡುವವರಲ್ಲ. ಸಂಸ್ಕೃತ ನಾಟಕಗಳ ಬಗ್ಗೆ ಅವರು ಬರೆದ ಸಂಸ್ಕೃತ ನಾಟಕ ಎಂಬ ಗ್ರಂಥ ಆಳವಾದ ವಿದ್ವತ್ತಿನ ಕೆಲಸ. ಅದನ್ನೂ ಕನ್ನಡ ಬಲ್ಲ ಯಾರಾದರೂ ಓದಿಕೊಂಡು ಹೋಗಬಹುದು. ಭಾಸ ಕವಿ, ಸರ್ವಜ್ಞ ಕವಿ ಇವರ ಬಗ್ಗೆಯೂ ಬರೆದರು. ಸಣ್ಣ ಕಥೆಗಳನ್ನೂ ಬರೆದರು. ಒಂದು ಕಡೆ ಸಂಘಟನೆ, ಒಂದು ಕಡೆ ಪಾಠ, ಇನ್ನೊಂದು ಕಡೆ ಸ್ವಂತ ಬರವಣಿಗೆ. ಮೂರನ್ನೂ ಒಟ್ಟಿಗೆ ನಡೆಸುವುದು ಎಷ್ಟು ಕಷ್ಟ ಎಂದು ಅಧ್ಯಾಪಕ ಮಿತ್ರರಿಗೆ ಹೇಳಬೇಕಾಗಿಲ್ಲ.

ಮುಂದೆ ಅವರು ಮೈಸೂರಿನ ಮಹಾರಾಜಾ ಕಾಲೇಜಿಗೆ ಹೋದರು. ಪ್ರಬುದ್ಧ ಕರ್ನಾಟಕವನ್ನು ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ತಾವು ಹುಟ್ಟುಹಾಕಿದ ಪತ್ರಿಕೆಯನ್ನು ಇನ್ನೊಬ್ಬರ ಕೈಗೆ ಕೊಡುವುದು ಸುಲಭವಲ್ಲ. ಆದರೆ ಕೊಟ್ಟದ್ದರಿಂದಲೇ ಅದು ಅವರ ಆಯುಷ್ಯವನ್ನು ದಾಟಿ ಬದುಕಿತು. ಅವರ ಜೀವನದಲ್ಲಿ ನಾನು ಎರಡು ಸಲ ಓದಿದ ಭಾಗ ಇದು. ನಮ್ಮ ಸಂಘ ಯಾಕೆ ಸೊರಗಿದೆ ಎಂದು ಯೋಚಿಸಿದಾಗ ಉತ್ತರದ ಒಂದು ತುಂಡು ಇಲ್ಲೇ ಸಿಕ್ಕಿತು. ಸಂಘವನ್ನು ನಾನು ಇಷ್ಟು ವರ್ಷ ನನ್ನದು ಎಂದುಕೊಂಡಿದ್ದೆ. ಅಧ್ಯಕ್ಷನೂ ನಾನೇ, ಭಾಷಣಕಾರನೂ ನಾನೇ, ಬೋರ್ಡಿನ ಮೇಲೆ ಬರೆಯುವವನೂ ನಾನೇ. ವಿದ್ಯಾರ್ಥಿಗಳಿಗೆ ಉಳಿದದ್ದು ಕೇಳುವ ಕೆಲಸ ಮಾತ್ರ. ದಿನಕ್ಕೆ ಆರು ಪಿರಿಯಡ್ ಕೇಳಿದವರು ಏಳನೆಯದಕ್ಕೂ ಯಾಕೆ ಬರಬೇಕು?

1941ರಲ್ಲಿ ಹೈದರಾಬಾದಿನಲ್ಲಿ 26ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕೃಷ್ಣಶಾಸ್ತ್ರಿಗಳು ಅದರ ಅಧ್ಯಕ್ಷರಾದರು. ಹೈದರಾಬಾದು ಆಗ ನಿಜಾಮರ ರಾಜಧಾನಿ. ನಿಮಗೆ ಈ ಊರಿನ ಒಂದು ವಿಷಯ ಹೇಳಬೇಕು. ಅಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆರಂಭವಾದಾಗ ಉರ್ದುವನ್ನು ಬೋಧನೆಯ ಮಾಧ್ಯಮವಾಗಿ ಇಟ್ಟುಕೊಂಡರು. ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತರುವುದಕ್ಕೇ ಒಂದು ಅನುವಾದ ಇಲಾಖೆ ಇತ್ತು. ನಮ್ಮ ದೇಶದ ಭಾಷೆಯೊಂದರಲ್ಲಿ ಕಾಲೇಜು ಶಿಕ್ಷಣ ನಡೆಯಬಲ್ಲದು ಎಂದು ಅದು ತೋರಿಸಿಕೊಟ್ಟಿತು. ಪ್ರಬುದ್ಧ ಕರ್ನಾಟಕ ಹುಟ್ಟಿದ್ದು ಅದರ ಮರುವರ್ಷ. ಎರಡೂ ಕಡೆಯವರ ಹಂಬಲ ಒಂದೇ ಆಗಿತ್ತು. ಜ್ಞಾನ ನಮ್ಮ ಮಾತಿನಲ್ಲಿ ಸಿಗಬೇಕು ಎಂಬುದು. ಅದೇ ಹೊತ್ತಿಗೆ ಇನ್ನೊಂದು ಸತ್ಯವೂ ಇದೆ. ಕಲಬುರಗಿ, ರಾಯಚೂರು, ಬೀದರ್ ಆಗ ನಿಜಾಮರ ರಾಜ್ಯದಲ್ಲಿದ್ದವು. ಅಲ್ಲಿನ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಓದುವ ಅವಕಾಶ ಬಹಳ ಕಡಿಮೆಯಿತ್ತು. ಒಬ್ಬರ ತಾಯ್ನುಡಿ ಇನ್ನೊಬ್ಬರಿಗೆ ಹೇರಿಕೆಯಾಗಿ ಕಾಣಬಹುದು. ಉರ್ದು ಮನೆಮಾತಿನ ನಾನು ಕನ್ನಡ ಕಲಿಸುವಾಗ ಈ ಎರಡೂ ಮುಖಗಳನ್ನು ಮರೆಯದಿರಲು ಯತ್ನಿಸುತ್ತೇನೆ. ಅಂಥ ಊರಿನಲ್ಲಿ ಕನ್ನಡಿಗರು ಸೇರಿ ಸಮ್ಮೇಳನ ಮಾಡಿದಾಗ ಅಧ್ಯಕ್ಷ ಸ್ಥಾನಕ್ಕೆ ಅವರು ಆರಿಸಿಕೊಂಡದ್ದು ಒಬ್ಬ ಕಾಲೇಜು ಮೇಷ್ಟರನ್ನು.

ನಿವೃತ್ತಿಯ ನಂತರ ಶಾಸ್ತ್ರಿಗಳು ಸುಮ್ಮನೆ ಕೂರಲಿಲ್ಲ. 1950ರಲ್ಲಿ, ತಮ್ಮ ಅರುವತ್ತನೆಯ ವಯಸ್ಸಿನಲ್ಲಿ, ವಚನ ಭಾರತವನ್ನು ಪ್ರಕಟಿಸಿದರು. ಹದಿನೆಂಟು ಪರ್ವಗಳ ಮಹಾಭಾರತದ ಕಥೆಯನ್ನು ತಿಳಿಗನ್ನಡದ ಗದ್ಯದಲ್ಲಿ ಒಂದೇ ಪುಸ್ತಕಕ್ಕೆ ತಂದರು. ಶಾಲೆಯ ಹುಡುಗನಿಂದ ಹಿಡಿದು ವಿದ್ವಾಂಸರವರೆಗೆ ಎಲ್ಲರೂ ಓದಬಲ್ಲ ಪುಸ್ತಕ ಅದು. ಈಗಲೂ ಅಚ್ಚಾಗುತ್ತಿದೆ. ಹಳಗನ್ನಡ ಪದ್ಯ ಪಾಠ ಮಾಡುವ ಮೊದಲು ಕಥೆಯ ಹಿನ್ನೆಲೆ ಹೇಳಬೇಕಾದಾಗ ನಾನು ತೆರೆಯುವುದು ಅದನ್ನೇ. ದುರ್ಯೋಧನ ಯಾರು, ಕರ್ಣ ಯಾರು ಎಂದು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಕಥೆ ಹೇಳಿರುವುದಿಲ್ಲ. ನನಗೆ ಆ ಕಥೆಯನ್ನು ಮೊದಲು ಹೇಳಿದ ಅಜ್ಜ ಕೃಷ್ಣಶಾಸ್ತ್ರಿಗಳೇ ಎಂದರೆ ಸರಿಯಾದೀತು. 1952ರಲ್ಲಿ ಕಥಾಸರಿತ್ಸಾಗರದ ಕಥೆಗಳನ್ನು ಕಥಾಮೃತ ಎಂಬ ಹೆಸರಿನಲ್ಲಿ ಕೊಟ್ಟರು. ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳ ಮೇಲೆ ದೊಡ್ಡ ಗ್ರಂಥ ಬರೆದರು. ಅದಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಗ ಅವರಿಗೆ ಎಪ್ಪತ್ತೊಂದು ವರ್ಷ. 1968ರಲ್ಲಿ ಅವರು ತೀರಿಕೊಂಡರು. ಜನ ಅವರನ್ನು ಇಂದಿಗೂ ಕನ್ನಡದ ಸೇನಾನಿ ಎಂದು ನೆನೆಯುತ್ತಾರೆ.

ಇಲ್ಲಿಗೆ ಅವರ ಜೀವನದ ಕಥೆ ಮುಗಿಯಿತು, ಆದರೆ ಅವರು ಕಟ್ಟಿದ ಸಂಘದ ಕಥೆ ಮುಗಿಯಲಿಲ್ಲ. ಶಾಸ್ತ್ರಿಗಳು ಸೆಂಟ್ರಲ್ ಕಾಲೇಜು ಬಿಟ್ಟ ಎಷ್ಟೋ ವರ್ಷಗಳ ನಂತರ ಅಲ್ಲಿಗೆ ಕನ್ನಡ ಅಧ್ಯಾಪಕರಾಗಿ ಜಿ.ಪಿ. ರಾಜರತ್ನಂ ಬಂದರು. ಚಿಕ್ಕಂದಿನಲ್ಲಿ ನೀವು ಹಾಡಿದ ನಾಯಿಮರಿಯ ಪದ್ಯ ಬರೆದವರು. ರಾಜರತ್ನಂ ಕರ್ನಾಟಕ ಸಂಘವನ್ನು ಕೈಗೆತ್ತಿಕೊಂಡು ವಿದ್ಯಾರ್ಥಿಗಳ ಬರವಣಿಗೆಯನ್ನು ಬೆಳೆಸಿದರು. ಕವಿ ವಿ. ಸೀತಾರಾಮಯ್ಯನವರೂ ಆ ಕಾಲೇಜಿನಲ್ಲಿ ಕಲಿಸಿದರು. ಆ ಕಾಲೇಜಿಗೆ 1950ರ ದಶಕದಲ್ಲಿ ದೇವನಹಳ್ಳಿಯ ಒಬ್ಬ ಹುಡುಗ ಭೂವಿಜ್ಞಾನ ಓದಲು ಬಂದ. ಕಲ್ಲು ಮಣ್ಣು ಖನಿಜಗಳ ಓದು ಅವನದು. ಮನೆಯಲ್ಲಿ ಮಾತು ಉರ್ದು. ಬರೆದದ್ದು ಕನ್ನಡ. ರಾಜರತ್ನಂ ಅವನ ಬೆನ್ನು ತಟ್ಟಿದರು. ಆ ಹುಡುಗ ಮುಂದೆ ಭೂವಿಜ್ಞಾನದ ಅಧ್ಯಾಪಕರಾದರು, ಕವಿಯೂ ಆದರು. ಅವರೇ ಕೆ.ಎಸ್. ನಿಸಾರ್ ಅಹಮದ್. ಪ್ರತಿ ನವೆಂಬರಿನಲ್ಲಿ ನಮ್ಮ ಅಂಗಳದಲ್ಲಿ ನೀವು ಹಾಡುವ ನಿತ್ಯೋತ್ಸವದ ಕವಿ.

ಈಗ ಲೆಕ್ಕ ಹಾಕಿ ನೋಡಿ. 1919ರ ಸುಮಾರಿಗೆ ಒಬ್ಬ ಮೇಷ್ಟರು ವಿಜ್ಞಾನದ ಕಾಲೇಜಿನಲ್ಲಿ ಕನ್ನಡದ ಸಂಘ ಕಟ್ಟಿದರು. ಸುಮಾರು ಮೂವತ್ತೈದು ವರ್ಷಗಳ ನಂತರ ಅದೇ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಒಬ್ಬ ಮುಸ್ಲಿಂ ಹುಡುಗನಿಗೆ ಕನ್ನಡದಲ್ಲಿ ಬರೆಯಲು ನೆರಳು ಸಿಕ್ಕಿತು. ಮರ ನೆಟ್ಟವರಿಗೆ ಆ ನೆರಳಿನಲ್ಲಿ ಯಾರು ಕೂರುತ್ತಾರೆಂಬುದು ಗೊತ್ತಿರಲಿಲ್ಲ. ಮೊದಲ ಸಭೆಗಳಿಗೆ ಎಷ್ಟು ಜನ ಬಂದಿದ್ದರೋ, ಎಷ್ಟು ಜನ ಮಳೆಗೆಂದು ಒಳಗೆ ಬಂದಿದ್ದರೋ, ಅದನ್ನು ಇಂದು ಯಾರೂ ಕೇಳುವುದಿಲ್ಲ.

ಆ ಶನಿವಾರ ಸಂಜೆ ಮನೆಗೆ ಬಂದು ಪ್ರಾಂಶುಪಾಲರಿಗೆ ಬರೆದಿದ್ದ ಪತ್ರವನ್ನು ಹರಿದು ಹಾಕಿದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳೊಂದಿಗೆ ಮಾತಾಡಿದೆ. ಸಂಘದ ಕೆಲಸದಿಂದ ಫಲಿತಾಂಶ ಕೆಡುತ್ತದೆ ಎಂಬ ಆತಂಕವನ್ನು ಒಬ್ಬರು ಹೇಳಿದರು. ಆತಂಕ ನ್ಯಾಯವಾದದ್ದೇ. ಹಾಗಾಗಿ ವಾರಕ್ಕೆ ನಲವತ್ತು ನಿಮಿಷ ಮಾತ್ರ, ಪರೀಕ್ಷೆಯ ತಿಂಗಳಲ್ಲಿ ಅದೂ ಇಲ್ಲ ಎಂದು ಒಪ್ಪಿಕೊಂಡೆವು. ಬಯಾಲಜಿಯ ಮೇಡಂ ತಾವೂ ಬಂದು ಕೂರುತ್ತೇನೆ ಎಂದರು. ಅವರು ಶಾಲೆಯಲ್ಲಿದ್ದಾಗ ಕವಿತೆ ಬರೆಯುತ್ತಿದ್ದರಂತೆ, ಏಳು ವರ್ಷ ಒಟ್ಟಿಗೆ ಚಹಾ ಕುಡಿದರೂ ನನಗೆ ಗೊತ್ತೇ ಇರಲಿಲ್ಲ. ಲೈಬ್ರರಿಯನ್ ಸರ್ ಗೋಡೆಪತ್ರಿಕೆಗೆ ಒಂ��ು ಹಲಗೆ ಬಿಟ್ಟುಕೊಟ್ಟಿದ್ದಾರೆ.

ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಇನ್ನು ಮೇಲೆ ಸಂಘವನ್ನು ನಡೆಸುವವರು ನೀವು. ಗೋಡೆಪತ್ರಿಕೆಯ ಸಂಪಾದಕರು ದ್ವಿತೀಯ ಪಿಯುಸಿಯವರು. ಉಪಸಂಪಾದಕರು ಪ್ರಥಮ ಪಿಯುಸಿಯವರು. ಮುಂದಿನ ವರ್ಷ ಉಪಸಂಪಾದಕರೇ ಸಂಪಾದಕರಾಗಿ ಹೊಸಬರಿಗೆ ಕೆಲಸ ಕಲಿಸಬೇಕು. ನಾನು ಕೊನೆಯ ಬೆಂಚಿನಲ್ಲಿ ಕುಳಿತು ಕೇಳುತ್ತೇನೆ, ಕೇಳಿದರೆ ತಿದ್ದಿಕೊಡುತ್ತೇನೆ. ಬರಹ ಕನ್ನಡದಲ್ಲಿರಬೇಕು. ವಿಷಯ ಯಾವುದಾದರೂ ಸರಿ. ಅಬ್ಬಾನ ಗ್ಯಾರೇಜು, ಅಮ್ಮಿಯ ಹೊಲಿಗೆ ಯಂತ್ರ, ಡಿಎನ್ಎ, ಕ್ರಿಕೆಟ್, ಹಂಪಿನಗರದ ಗ್ರಂಥಾಲಯದಲ್ಲಿ ಓದಿದ ಒಂದು ಪುಸ್ತಕ. ತಪ್ಪಾದರೆ ಆಗಲಿ. ಇಲ್ಲಿ ತಿದ್ದುತ್ತಾರೆ, ನಗುವುದಿಲ್ಲ.

ಮಳೆಗೆಂದು ಒಳಗೆ ಬಂದಿದ್ದ ಆ ಹುಡುಗ ಮರುವಾರವೂ ಬಂದ. ಅಂದು ಮಳೆ ಇರಲಿಲ್ಲ. ಜೇಬಿನಿಂದ ನಾಲ್ಕಾಗಿ ಮಡಚಿದ ಒಂದು ಹಾಳೆ ತೆಗೆದು ಬಯಾಲಜಿ ಮೇಡಂ ಕೈಗೆ ಕೊಟ್ಟ. ಗೋಡೆಪತ್ರಿಕೆಯ ಮೊದಲ ಬರಹ ಅದೇ. ಗುರುವಾರ, ಕೊನೆಯ ಪಿರಿಯಡ್ ಮುಗಿದ ಮೇಲೆ, ಮೊದಲ ಮಹಡಿಗೆ ಬನ್ನಿ. ಓದಿ ನೋಡಿ.